ಊರಲ್ಲೇ ಕೆಲಸ ಕೊಟ್ಟರೂ ಹುಡುಗರು ಯಾಕೆ ನಿಲ್ಲುವುದಿಲ್ಲ?

ಹುಬ್ಬಳ್ಳಿಯ ಹಳೇ ಮಂದಿಗೆ ರೈಲ್ವೆ ವರ್ಕ್‌ಶಾಪಿನ ಕೆಲಸ ಅಂದರೆ ಬರೀ ಪಗಾರ ಆಗಿರಲಿಲ್ಲ. ಇರೋಕೆ ಕ್ವಾರ್ಟರ್ಸ್, ಜಡ್ಡು ಬಂದರೆ ರೈಲ್ವೆ ಆಸ್ಪತ್ರೆ, ಓಡಾಡೋಕೆ ಪಾಸ್, ರಿಟೈರ್ ಆದ ಮೇಲೆ ಪಿಂಚಣಿ. ಕೆಲಸಕ್ಕೆ ಸೇರಿದವರಿಗೆ ಒಟ್ಟು ಏನೇನು ಸಿಗುತ್ತದೆ ಅನ್ನುವ ಈ ಲೆಕ್ಕವನ್ನೇ ಈಗ ಎಚ್‌ಆರ್‌ನವರು ಎಂಪ್ಲಾಯೀ ವ್ಯಾಲ್ಯೂ ಪ್ರಪೋಸಿಷನ್, ಇವಿಪಿ ಅಂತಾರೆ.

ಇದರ ಬೇರು ಇರುವುದು ಮಾರ್ಕೆಟಿಂಗ್‌ನಲ್ಲಿ. 1988ರಲ್ಲಿ ಕಂಪನಿಗಳಿಗೆ ಸಲಹೆ ಕೊಡುವ ಮೆಕಿನ್ಸಿ ಸಂಸ್ಥೆಯ ಮೈಕೆಲ್ ಲ್ಯಾನಿಂಗ್ ಮತ್ತು ಎಡ್ವರ್ಡ್ ಮೈಕಲ್ಸ್, ಗಿರಾಕಿ ನಿಮ್ಮ ಹತ್ತಿರವೇ ಯಾಕೆ ಬರಬೇಕು ಅನ್ನುವುದನ್ನು ಕಂಪನಿಗಳು ಮೊದಲು ತೀರ್ಮಾನಿಸಲಿ ಎಂದು ಬರೆದರು. 1996ರಲ್ಲಿ ಬ್ರಿಟನ್ನಿನ ಟಿಮ್ ಆಂಬ್ಲರ್ ಮತ್ತು ಸೈಮನ್ ಬ್ಯಾರೋ ಅದೇ ಥರದ ಯೋಚನೆಯನ್ನು ನೌಕರರ ಕಡೆಗೆ ತಿರುಗಿಸಿ, ಸೋಪಿಗೆ ಬ್ರ್ಯಾಂಡ್ ಇರುವಂತೆ ಕೆಲಸ ಕೊಡುವವರಿಗೂ ಇರುತ್ತದೆ ಎಂದರು. ಮರುವರ್ಷ ಮೆಕಿನ್ಸಿ, ಪ್ರತಿಭೆಗಾಗಿ ಯುದ್ಧ ಶುರುವಾಗಿದೆ ಎಂದು ಸಾರಿತು. 2001ರಲ್ಲಿ ಅದೇ ಮೈಕಲ್ಸ್ ಇಬ್ಬರ ಜೊತೆ ಸೇರಿ ಬರೆದ ಪುಸ್ತಕದಿಂದ ಇವಿಪಿ ಮಾತು ಎಲ್ಲೆಡೆ ಹಬ್ಬಿತು.

ನಮ್ಮಲ್ಲಿ ಆ ಹೊತ್ತಿಗೆ ಏನಾಗುತ್ತಿತ್ತು? ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದರು. ಇವತ್ತಿಗೂ ಹೋಗುತ್ತಾರೆ. ಈಗ ಧಾರವಾಡದಲ್ಲಿ ಐಐಟಿ, ಐಐಐಟಿ ಎರಡೂ ಇವೆ, ಅಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಇದೆ, ಆದರೂ ಇಲ್ಲಿನ ಎಷ್ಟೋ ಕಂಪನಿಗಳು ಹೇಳುವುದು ಒಂದೇ: ಮನೆ ಹತ್ತಿರ, ಖರ್ಚು ಕಡಿಮೆ. ಅದು ನಿಜವೇ. ಆದರೆ ಅದನ್ನು ಕೊಟ್ಟದ್ದು ಊರು, ಕಂಪನಿಯಲ್ಲ, ಅಲ್ವಾ? ಅದನ್ನೇ ತೋರಿಸಿ ಪಗಾರ ಇಳಿಸುವುದು ನನಗೆ ಸರಿ ಕಾಣುವುದಿಲ್ಲ.

2024ರಲ್ಲಿ ಇನ್ಫೋಸಿಸ್ ತನ್ನ ಹುಬ್ಬಳ್ಳಿ ಕ್ಯಾಂಪಸ್ಸಿಗೆ ಬರುವ ನೌಕರರಿಗೆ ಹುದ್ದೆಗೆ ತಕ್ಕಂತೆ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಘೋಷಿಸಿತು. ಒಳ್ಳೆಯದೇ. ಅಷ್ಟು ದೊಡ್ಡ ಕಂಪನಿಯೂ ದುಡ್ಡು ಮುಂದಿಡಬೇಕಾಯಿತು ಅಂದರೆ ತೊಡಕು ಬೇರೆಲ್ಲೋ ಇದೆ. ಬೆಂಗಳೂರಿನಲ್ಲಿ ಒಂದು ಕೆಲಸ ಬಿಟ್ಟರೆ ಅದೇ ರಸ್ತೆಯಲ್ಲಿ ಇನ್ನೊಂದು ಸಿಗಬಹುದು, ಇಲ್ಲಿ ಬಿಟ್ಟರೆ ಮುಂದೇನು ಅನ್ನುವ ಭಯ ಮೂವತ್ತು ದಾಟಿ ಸಾಲ, ಮಕ್ಕಳ ಶಾಲೆ ಅಂತ ಇರುವವರಿಗೆ ಜಾಸ್ತಿ, ಮತ್ತು ಅನುಭವ ಇರುವವರೂ ಅವರೇ.

ಹಾಗಾಗಿ ಇಲ್ಲಿನ ಕಂಪನಿ ಇವಿಪಿ ಬರೆಯುವುದಾದರೆ ಸುಮ್ನೆ ಪೋಸ್ಟರ್ ಮಾಡಿಸುವುದು ಬೇಡ. ಮೂರು ವರ್ಷ ನಿಂತವರನ್ನು ಯಾಕೆ ನಿಂತಿರಿ ಎಂದು ಕೇಳಲಿ, ಬಿಟ್ಟುಹೋದವರಿಗೂ ಫೋನ್ ಮಾಡಲಿ. ಬಡ್ತಿ ಯಾವಾಗ, ಹೊಸದೇನು ಕಲಿಸುತ್ತೀರಿ, ದೊಡ್ಡ ಪ್ರಾಜೆಕ್ಟ್ ಹುಬ್ಬಳ್ಳಿ ಟೀಮಿಗೂ ಬರುತ್ತದೆಯೇ ಅನ್ನುವುದನ್ನು ಇಂಟರ್‌ವ್ಯೂ ದಿನವೇ ಹೇಳಲಿ.