ಯುದ್ಧ ಬೇಡವೆಂದವರೇ ‘ಹಾಗೇ ಬಿಟ್ಟು ಬರಬೇಡಿ’ ಎಂದದ್ದೇಕೆ?

2003ರ ಫೆಬ್ರವರಿ 15ರಂದು ಲಂಡನ್, ರೋಮ್, ಮ್ಯಾಡ್ರಿಡ್‌ಗಳಲ್ಲಿ ಲಕ್ಷಾಂತರ ಜನ ಬೀದಿಗಿಳಿದು ಇರಾಕ್ ಮೇಲೆ ಅಮೆರಿಕದ ಯುದ್ಧ ಬೇಡವೆಂದರು. ಮಾರ್ಚ್ 20ಕ್ಕೆ ಯುದ್ಧ ಶುರುವಾಗಿಯೇ ಬಿಟ್ಟಿತು, ಏಪ್ರಿಲ್ 9ಕ್ಕೆ ಬಾಗ್ದಾದ್ ಬಿತ್ತು. ಆಮೇಲೆ ವಿರೋಧಿಗಳಲ್ಲೇ ಎರಡು ಪಂಗಡಗಳಾದವು. ಯುದ್ಧವೇ ತಪ್ಪು, ಸೇನೆ ಈಗಲೇ ಹೊರಡಲಿ ಎಂದರು ಕೆಲವರು. ಯುದ್ಧ ತಪ್ಪೇ, ಆದರೆ ಒಂದು ದೇಶದ ಆಡಳಿತವನ್ನೇ ಕೆಡವಿ ಹಾಗೇ ಎದ್ದು ಬರುವುದು ಎರಡನೇ ತಪ್ಪು ಎಂದರು ಉಳಿದವರು. ಪಶ್ಚಿಮ ಏಷ್ಯಾವನ್ನು ನೋಡಿಕೊಳ್ಳುವ ಅಮೆರಿಕದ ಸೆಂಟ್ರಲ್ ಕಮಾಂಡ್‌ನ ಮುಖ್ಯಸ್ಥರಾಗಿದ್ದ ನಿವೃತ್ತ ಜನರಲ್ ಆಂಥನಿ ಝಿನ್ನಿ ಈ ಎರಡನೆಯ ಗುಂಪಿನವರು. ಇತ್ತ, ಯುದ್ಧದ ಪರ ಮತ ಹಾಕಿದ್ದ ಅಮೆರಿಕದ ಸಂಸದ ಜಾನ್ ಮರ್ಥಾ 2005ರ ನವೆಂಬರ್‌ನಲ್ಲಿ ಸೇನೆಯನ್ನು ವಾಪಸ್ ಕರೆಸಿ ಎಂದರು.

ಝಿನ್ನಿಯವರ ನಿಲುವಿಗೆ ಕಾನೂನಿನ ಆಧಾರವೂ ಇದೆ. 1907ರ ಹೇಗ್ ನಿಯಮಾವಳಿಯ 43ನೇ ವಿಧಿಯ ಪ್ರಕಾರ, ಆಕ್ರಮಿತ ನೆಲದಲ್ಲಿ ಸಾರ್ವಜನಿಕ ಸುವ್ಯವಸ್ಥೆ ಕಾಪಾಡುವ ಹೊಣೆ ಆಕ್ರಮಿಸಿದವರದೇ. ಯುದ್ಧ ನ್ಯಾಯವೋ ಅನ್ಯಾಯವೋ ಎಂದು ಆ ವಿಧಿ ಕೇಳುವುದಿಲ್ಲ. 2003ರ ಮೇ 22ರಂದು ವಿಶ್ವಸಂಸ್ಥೆಯ 1483ನೇ ನಿರ್ಣಯ ಅಮೆರಿಕ ಮತ್ತು ಬ್ರಿಟನ್‌ಗಳನ್ನು ಆಕ್ರಮಿಸಿಕೊಂಡ ಶಕ್ತಿಗಳೆಂದು ಗುರುತಿಸಿತು. ಅದರ ಮರುದಿನವೇ ಇರಾಕ್‌ಗೆ ಅಮೆರಿಕ ನೇಮಿಸಿದ್ದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ತಮ್ಮ 2ನೇ ಆದೇಶದಿಂದ ಇರಾಕಿ ಸೇನೆಯನ್ನು ವಿಸರ್ಜಿಸಿದರು. ಬಂದೂಕು ಹಿಡಿಯಲು ಬಲ್ಲ ಲಕ್ಷಾಂತರ ಗಂಡಸರು ಸಂಬಳವಿಲ್ಲದೆ ಮನೆಗೆ ಹೋದರು. ಮುಂದಿನ ಅನಾಹುತದ ಬೇರು ಇಲ್ಲಿದೆ.

ಭಾರತವೂ ಈ ಇಕ್ಕಟ್ಟನ್ನು ಎದುರಿಸಿತು. 2003ರ ಏಪ್ರಿಲ್ 8ರಂದು ಲೋಕಸಭೆ ಯುದ್ಧವನ್ನು ಖಂಡಿಸಿ, ಸೇನೆಗಳು ಬೇಗ ಹಿಂದಿರುಗಲಿ ಎಂದು ನಿರ್ಣಯ ಮಾಡಿತು. ಕೆಲವೇ ವಾರಗಳಲ್ಲಿ, ಇರಾಕ್‌ನಲ್ಲಿ ಶಾಂತಿ ಕಾಯಲು ಸುಮಾರು 17,000 ಸೈನಿಕರ ಒಂದು ಡಿವಿಷನ್ ಕೊಡಿ ಎಂದು ಅಮೆರಿಕ ಕೇಳಿತು. ಜುಲೈ 14ರಂದು ವಾಜಪೇಯಿ ಸರ್ಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳಿಸುವುದಿಲ್ಲ ಎಂದಿತು. ಸರಿಯಾದ ತೀರ್ಮಾನ.

‘ಇನ್ನಷ್ಟು ದಿನ ಇರೋಣ’ ಎನ್ನುವ ವಾದದ ಅಪಾಯವನ್ನೂ ಹೇಳಲೇಬೇಕು. ಅದಕ್ಕೆ ಕೊನೆ ದಿನಾಂಕವಿಲ್ಲ. ವಿದೇಶಿ ಸೇನೆ ಇರುವುದೇ ದಂಗೆಗೆ ಜನ ಸೇರಲು ಕಾರಣವಾಗುತ್ತದೆ. ಸತ್ತ ಸೈನಿಕರ ಬಲಿದಾನ ವ್ಯರ್ಥವಾಗಬಾರದು ಎಂಬ ಮಾತಂತೂ ವಾದವೇ ಅಲ್ಲ. ಹೋದ ಜೀವಕ್ಕೆ ಇನ್ನೊಂದು ಜೀವ ಲೆಕ್ಕ ಸರಿಮಾಡುವುದಿಲ್ಲ. ಉಳಿಯುವುದಕ್ಕೆ ಒಪ್ಪುವ ಕಾರಣ ಒಂದೇ: ನಾವು ಹೋದ ಮರುದಿನ ಅಲ್ಲಿನವರನ್ನು ಯಾರು ಕಾಯುತ್ತಾರೆ?

ಯುದ್ಧ ವಿರೋಧಿಯಾಗಿಯೇ ಗೆದ್ದ ಒಬಾಮ ಚುನಾವಣೆಯಲ್ಲಿ ಕೊಟ್ಟ ವಾಪಸಾತಿಯ ಲೆಕ್ಕ, ತಿಂಗಳಿಗೆ ಒಂದೆರಡು ಬ್ರಿಗೇಡ್‌ನಂತೆ (ಒಂದು ಬ್ರಿಗೇಡ್ ಎಂದರೆ ಕೆಲವು ಸಾವಿರ ಸೈನಿಕರ ದಳ) 16 ತಿಂಗಳು. ಎಲ್ಲರನ್ನೂ ಒಟ್ಟಿಗೆ ಎಬ್ಬಿಸಲಾಗದು. ಕಾದಾಡುವ ತುಕಡಿಗಳು ಮೊದಲು ಹೊರಟರೆ ಉಳಿದ ಸರಬರಾಜು ಘಟಕಗಳಿಗೆ ಕಾವಲಿಲ್ಲ. ಸರಬರಾಜು ಮೊದಲು ಹೊರಟರೆ ಉಳಿದವರಿಗೆ ಇಂಧನವಿಲ್ಲ, ಗಾಯಾಳುಗಳನ್ನು ಸಾಗಿಸುವ ಹೆಲಿಕಾಪ್ಟರ್ ಇಲ್ಲ. 2010ರ ಆಗಸ್ಟ್ ಕೊನೆಗೆ ಸುಮಾರು 50,000 ಮಂದಿ ಉಳಿದರು. ಬುಷ್ ಸರ್ಕಾರ 2008ರಲ್ಲೇ ಇರಾಕ್ ಜೊತೆ ಮಾಡಿಕೊಂಡ ಒಪ್ಪಂದದ ಗಡುವು 2011ರ ಡಿಸೆಂಬರ್ 31. ಆನಂತರವೂ ಕೆಲವರು ಉಳಿಯಬೇಕಿದ್ದರೆ, ಇರಾಕಿ ನ್ಯಾಯಾಲಯಗಳಿಂದ ಅವರಿಗೆ ಅಲ್ಲಿನ ಸಂಸತ್ತು ವಿನಾಯಿತಿ ಕೊಡಬೇಕಿತ್ತು. ಕೊಡಲಿಲ್ಲ.

ಸಾಗಾಟದಲ್ಲಿ ಎಡವಲಿಲ್ಲ, ಎಡವಿದ್ದು ರಾಜಕೀಯದಲ್ಲಿ. ಅಲ್ ಖೈದಾ ವಿರುದ್ಧ ನಿಂತಿದ್ದ ಸಹ್ವಾ ಪಡೆಯ ಸುಮಾರು 1 ಲಕ್ಷ ಮಂದಿಗೆ, ಹೆಚ್ಚಿನವರು ಸುನ್ನಿಗಳು, ಅಮೆರಿಕ ತಿಂಗಳಿಗೆ ಸುಮಾರು 300 ಡಾಲರ್ ಕೊಡುತ್ತಿತ್ತು. 2008ರ ಅಕ್ಟೋಬರ್‌ನಿಂದ ಅವರು ಬಾಗ್ದಾದ್ ಸರ್ಕಾರದ ಕೈಗೆ ಹೋದರು. ಶೇ 20ರಷ್ಟು ಮಂದಿಗೆ ಸೇನೆ, ಪೊಲೀಸ್‌ನಲ್ಲಿ ಕೆಲಸ, ಮಿಕ್ಕವರಿಗೆ ಬೇರೆ ಸರ್ಕಾರಿ ಕೆಲಸ ಎಂಬ ಭರವಸೆ ಪೂರ್ತಿ ಈಡೇರಲಿಲ್ಲ. 2011ರ ಡಿಸೆಂಬರ್ 18ರಂದು ಕೊನೆಯ ಅಮೆರಿಕನ್ ವಾಹನಗಳು ಕುವೈತ್ ಗಡಿ ದಾಟಿದವು. 19ರಂದು ಸುನ್ನಿ ಉಪಾಧ್ಯಕ್ಷ ತಾರಿಕ್ ಅಲ್ ಹಾಶಿಮಿ ಮೇಲೆ ಬಂಧನದ ವಾರಂಟ್ ಹೊರಬಿತ್ತು. ಇರಾಕಿ ಸೇನೆಯಲ್ಲೋ, ಹಲವರ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ, ಆಳಿಲ್ಲ. ಅಂಥ 50,000 ಹೆಸರು ಸಿಕ್ಕಿವೆ ಎಂದು 2014ರಲ್ಲಿ ಪ್ರಧಾನಿ ಹೈದರ್ ಅಲ್ ಅಬಾದಿ ಅವರೇ ಹೇಳಿದರು.

ಮೊಸುಲ್ 2014ರ ಜೂನ್ 10ರಂದು ಐಸಿಸ್ ಕೈಸೇರಿತು. ವಾಪಸಾತಿಯೊಂದನ್ನೇ ದೂರುವವರು ಒಂದನ್ನು ಮರೆಯುತ್ತಾರೆ: ಐಸಿಸ್‌ನ ಹಲವು ದಳಪತಿಗಳು ಸದ್ದಾಂ ಕಾಲದ ಸೇನಾಧಿಕಾರಿಗಳು, ಬ್ರೆಮರ್ ವಿಸರ್ಜಿಸಿದ ಅದೇ ಸೇನೆಯವರು. ಅದೇ ಜೂನ್‌ನಲ್ಲಿ ಮೊಸುಲ್ ಬಳಿ ಅಪಹರಣವಾದ 39 ಭಾರತೀಯ ಕಾರ್ಮಿಕರ ಸಾವು ಖಚಿತವಾದದ್ದು 2018ರಲ್ಲಿ. ಅವರು ಅಪಹರಣವಾದ ತಿಂಗಳೇ ಅಮೆರಿಕದ ಸೈನಿಕರು, ಸಲಹೆಗಾರರೆಂಬ ಹೆಸರಿನಲ್ಲಿ, ಮತ್ತೆ ಬಾಗ್ದಾದ್‌ನಲ್ಲಿದ್ದರು.