ತೆಂಗಿನಕಾಯಿ ಲೆಕ್ಕ ತಪ್ಪಿದ್ದು ಎಲ್ಲಿ?

ನಮ್ಮ ಕಾಸರಗೋಡಿನ ಕುಂಬಳೆ ಕಡೆ ತೆಂಗಿನಕಾಯಿ ಎಣಿಸುವವರನ್ನು ನಡುವೆ ಯಾರೂ ಮಾತಾಡಿಸುವುದಿಲ್ಲ. ಮಾವ ಅಂಗಳದಲ್ಲಿ ಬಗ್ಗಿ ನಿಂತು, ಎರಡು ಕೈಗೆ ಎರಡು ಕಾಯಿ ಹಿಡಿದು, ಜೋಡಿ ಜೋಡಿಯಾಗಿ ಆಚೆ ಎಸೆಯುತ್ತಿದ್ದರು. ಮೊದಲ ಜೋಡಿಗೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದರು. ಆಮೇಲೆ ಎರಡು, ಮೂರು, ನಾಲ್ಕು. ಐವತ್ತು ಜೋಡಿ ಆದರೆ ನೂರು ಕಾಯಿ. ಆಗ ಒಂದು ಕಾಯಿಯನ್ನು ಜಗಲಿಯ ಬದಿಗೆ ಇಡುತ್ತಿದ್ದರು, ಗುರುತಿಗೆ.

ಒಮ್ಮೆ ನಾನು ನಡುವೆ ಹೋಗಿ, “ಮಾವ, ಬಸ್ಸು ಎಷ್ಟು ಗಂಟೆಗೆ?” ಅಂತ ಕೇಳಿದೆ. “ಎರಡೂವರೆಗೆ” ಅಂದರು. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. “ಲೆಕ್ಕ ತಪ್ಪಿತಲ್ಲ ಮಾರಾಯ!” ಇನ್ನೂರು ಆದದ್ದು ಗೊತ್ತಿತ್ತು, ಜಗಲಿಯಲ್ಲಿ ಎರಡು ಕಾಯಿ ಇದ್ದವು. ಹೋದದ್ದು ಬಾಯಲ್ಲಿದ್ದ ಲೆಕ್ಕ ಮಾತ್ರ.

ಆ ಲೆಕ್ಕ ತಲೆಯೊಳಗೆ ಎಲ್ಲಿ ನಿಂತಿತ್ತು? ಅಷ್ಟು ಸುಲಭವಾಗಿ ಯಾಕೆ ಹೋಯಿತು? ಈ ಪ್ರಶ್ನೆಯ ಬೆನ್ನು ಹತ್ತಿದವರ ಕಥೆ ನೂರಮೂವತ್ತು ವರ್ಷಕ್ಕಿಂತ ಹಳೆಯದು. 1887ರಲ್ಲಿ ಲಂಡನ್ನಿನ ಜೋಸೆಫ್ ಜೇಕಬ್ಸ್ ಶಾಲಾ ಮಕ್ಕಳಿಗೆ ಅಂಕಿಗಳನ್ನು ಓದಿ ಹೇಳಿ, ಎಷ್ಟು ಅಂಕಿ ತಪ್ಪದೆ ಒಪ್ಪಿಸುತ್ತಾರೆ ಅಂತ ಅಳೆದರು. 1890ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್, ಈಗಷ್ಟೇ ಮನಸ್ಸಿನಲ್ಲಿರುವ ನೆನಪು ಬೇರೆ, ಹಿಂದಿನದನ್ನು ಹುಡುಕಿ ತರುವ ನೆನಪು ಬೇರೆ ಎಂದು ಬರೆದರು.

1956 ನಮಗೆ ಮರೆಯಲಾಗದ ವರ್ಷ. ಆ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ಮನೋವಿಜ್ಞಾನಿ ಒಂದು ಪ್ರಬಂಧ ಪ್ರಕಟಿಸಿದರು. ನಾವು ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುವುದು ಸುಮಾರು ಏಳು ಸಂಗತಿ, ಎರಡು ಹೆಚ್ಚು ಅಥವಾ ಎರಡು ಕಡಿಮೆ ಅಂತ. ಜನ ಏಳು ಅನ್ನುವ ಸಂಖ್ಯೆಯನ್ನಷ್ಟೇ ಹಿಡಿದುಕೊಂಡರು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅವರ ಇನ್ನೊಂದು ಮಾತು: ವೀಳ್ಯದೆಲೆಯನ್ನು ಸೂಡಿ ಕಟ್ಟುವ ಹಾಗೆ ನಾವು ಸಂಗತಿಗಳನ್ನು ಸೇರಿಸಿ ಕಟ್ಟುತ್ತೇವೆ, ಎಣಿಕೆಗೆ ಬರುವುದು ಎಲೆ ಅಲ್ಲ, ಸೂಡಿ.

ಇಲ್ಲಿ ಫೋನ್ ನಂಬರು ಹೇಳುವುದನ್ನು ಗಮನಿಸಿ. ‘ನೈನ್ ಫೋರ್ ಫೋರ್ ಸೆವೆನ್’ ಅಂದ ಕೂಡಲೇ ನಮಗೆ ಅದು ಒಂದೇ ಸೂಡಿ. ಕೇರಳದ ಎಷ್ಟೋ ಬಿಎಸ್‌ಎನ್‌ಎಲ್ ನಂಬರುಗಳು ಹಾಗೇ ಶುರುವಾಗುತ್ತವೆ. ಮಂಗಳೂರಿನ ನೆಂಟರ ನಾಲಿಗೆ ಮಾತ್ರ 9448ರ ಕಡೆಗೇ ಎಳೆಯುತ್ತದೆ, ಕರ್ನಾಟಕದಲ್ಲಿ ರೂಢಿ ಅದು.

1959ರಲ್ಲಿ ಅಮೆರಿಕದ ಪೀಟರ್ಸನ್ ದಂಪತಿ ಮಾಡಿದ ಪ್ರಯೋಗ ನೋಡಿದರೆ ನನ್ನ ಬಸ್ಸಿನ ಪ್ರಶ್ನೆಯೇ ನೆನಪಾಗುತ್ತದೆ. ಮೂರೇ ಮೂರು ಅಕ್ಷರ ಹೇಳುವುದು, ಕೂಡಲೇ ಒಂದು ದೊಡ್ಡ ಸಂಖ್ಯೆಯಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳುವುದು. ಹದಿನೆಂಟು ಸೆಕೆಂಡ್ ಕಳೆದರೆ ಆ ಮೂರು ಅಕ್ಷರ ಹೆಚ್ಚುಕಡಿಮೆ ಅಳಿಸಿಯೇ ಹೋಗುತ್ತಿತ್ತು.

ಹಾಗಾದರೆ ಅದು ಸುಮ್ನೆ ಒಂದು ಚಿಕ್ಕ ಡಬ್ಬಿಯೇ? ಅಲ್ಲ ಎಂದು ತೋರಿಸಿದವರು ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್, 1974ರಲ್ಲಿ. ಅವರು ಜನರ ತಲೆಗೆ ಆರು ಅಂಕಿ ಹೊರಿಸಿ, ಜೊತೆಗೇ ತರ್ಕದ ಪ್ರಶ್ನೆ ಕೇಳಿದರು. ಒಂದೇ ಡಬ್ಬಿ ಆಗಿದ್ದರೆ ತರ್ಕಕ್ಕೆ ಜಾಗವೇ ಉಳಿಯಬಾರದಿತ್ತು. ಜನ ನಿಧಾನವಾದರು, ಆದರೆ ತಪ್ಪುಗಳು ಅಷ್ಟೇನೂ ಹೆಚ್ಚಲಿಲ್ಲ. ಅಂದರೆ ಅಲ್ಲಿ ಒಂದಕ್ಕಿಂತ ಹೆಚ್ಚು ಕೆಲಸಗಾರರು ಇದ್ದಾರೆ. ಕೇಳಿದ ಮಾತನ್ನು ಒಳಗೊಳಗೇ ಮತ್ತೆ ಮತ್ತೆ ಉಚ್ಚರಿಸಿ ಉಳಿಸುವವನು ಒಬ್ಬ. ಕಂಡದ್ದನ್ನು, ಯಾವುದು ಎಲ್ಲಿದೆ ಎನ್ನುವುದನ್ನು ಹಿಡಿಯುವವನು ಇನ್ನೊಬ್ಬ. ಗಮನ ಎತ್ತ ಹೋಗಬೇಕು ಅಂತ ನೋಡುವ ಮೇಸ್ತ್ರಿ ಮತ್ತೊಬ್ಬ. ಇದಕ್ಕೇ ವರ್ಕಿಂಗ್ ಮೆಮೊರಿ, ಕೆಲಸದ ನೆನಪು, ಅನ್ನುತ್ತಾರೆ. ಮಾವ ನನಗೆ ಕೈಸನ್ನೆಯಲ್ಲಿ ಉತ್ತರ ಕೊಟ್ಟಿದ್ದರೆ ಲೆಕ್ಕ ಉಳಿಯುತ್ತಿತ್ತೋ ಏನೋ. ‘ಎರಡೂವರೆ’ ಅಂತ ಬಾಯಲ್ಲೇ ಹೇಳಿದರು, ಅದೂ ಒಂದು ಸಂಖ್ಯೆ. ಒಳಗಿನ ಉಚ್ಚಾರ ಅಲ್ಲೇ ಕಡಿದುಹೋಯಿತು.

ಈ ಕಥೆಯಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು ಭಾಷೆಯ ಭಾಗ. ಸುಮಾರು ಎರಡು ಸೆಕೆಂಡಿನಲ್ಲಿ ಬಾಯಲ್ಲಿ ಹೇಳಿ ಮುಗಿಸುವಷ್ಟನ್ನೇ ನಾವು ಹೀಗೆ ಉಳಿಸಿಕೊಳ್ಳುತ್ತೇವೆ ಎಂದು 1975ರಲ್ಲಿ ಬ್ಯಾಡ್ಲಿ ಮತ್ತು ಜೊತೆಗಾರರು ತೋರಿಸಿದರು. 1980ರಲ್ಲಿ ವೇಲ್ಸ್‌ನಲ್ಲಿ, ವೆಲ್ಶ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರನ್ನು ಬೇರೆ ಸಂಶೋಧಕರು ಪರೀಕ್ಷಿಸಿದರು. ವೆಲ್ಶ್‌ನಲ್ಲಿ ಹೇಳಿದಾಗ ಕಡಿಮೆ ಅಂಕಿ, ಇಂಗ್ಲಿಷಿನಲ್ಲಿ ಹೇಳಿದಾಗ ಹೆಚ್ಚು. ವೆಲ್ಶ್ ಅಂಕಿಗಳನ್ನು ಹೇಳಲು ಹೆಚ್ಚು ಹೊತ್ತು ಬೇಕು, ಅದೇ ಕಾರಣ ಅಂದರು ಅವರು. ಆ ಜನರ ತಲೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳ ನೆನಪನ್ನು ಅಳೆಯಲು ಹೊರಟವರು ಇದನ್ನು ಮೊದಲು ಓದಬೇಕು.

ಏಳು ಅನ್ನುವುದೂ ಕೊನೆಗೆ ನಿಲ್ಲಲಿಲ್ಲ. ಒಳಗೊಳಗೇ ಉಚ್ಚರಿಸುವುದಕ್ಕೆ, ಸೂಡಿ ಕಟ್ಟುವುದಕ್ಕೆ ಅವಕಾಶ ಇಲ್ಲದಿದ್ದರೆ ಉಳಿಯುವುದು ನಾಲ್ಕರಷ್ಟೇ ಎಂದು 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದರು. ಹಾಗಾದರೆ ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಎದುರಾಳಿಯ ಮಾತಿನ ಎಳೆಗಳನ್ನು ಬಿಡದೆ ಹಿಡಿದು ಉತ್ತರ ಕೊಡುತ್ತಿದ್ದದ್ದು ಹೇಗೆ? 1973ರ ಚೆಸ್ ಪ್ರಯೋಗದಲ್ಲಿ ಇದಕ್ಕೆ ಸುಳಿವು ಇದೆ. ನಿಜವಾದ ಆಟದ ಹಲಗೆಯನ್ನು ಐದು ಸೆಕೆಂಡ್ ನೋಡಿದರೆ ಸಾಕು, ನುರಿತ ಆಟಗಾರ ಹೊಸಬನಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾದ ಜಾಗದಲ್ಲಿ ಜೋಡಿಸುತ್ತಿದ್ದ. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟರೆ ಅವನೂ ಹೊಸಬನ ಹಾಗೇ ತಡವರಿಸುತ್ತಿದ್ದ. ಅರ್ಥಧಾರಿಯ ಕೈಯಲ್ಲಿರುವುದೂ ನಾಲ್ಕೇ ಸೂಡಿ ಇರಬಹುದು. ಆದರೆ ಒಂದೊಂದು ಸೂಡಿಯೊಳಗೆ ಇಡೀ ಪ್ರಸಂಗ ಇದೆ.

ಮಿದುಳಿನೊಳಗೆ ನೇರವಾಗಿ ಇಣುಕಿದ್ದು 1971ರಲ್ಲಿ. ಮಂಗನ ಎದುರು ಎರಡು ಗುಳಿಗಳಲ್ಲಿ ಒಂದರಲ್ಲಿ ತಿಂಡಿ ಇಟ್ಟು ಮುಚ್ಚಿ, ಪರದೆ ಎಳೆದು ಕಾಯಿಸಿದರು. ಹಣೆಯ ಹಿಂದಿನ ಭಾಗದ ಕೆಲವು ನರಕೋಶಗಳು ಆ ಕಾಯುವ ಹೊತ್ತಿನ ಉದ್ದಕ್ಕೂ ಮಿಡಿಯುತ್ತಲೇ ಇದ್ದವು. ಹೀಗೆ ಮಿಡಿಯುತ್ತಾ ಇರುವುದೇ ನೆನಪು ಎಂದು ಬಹಳ ವರ್ಷ ನಂಬಿದ್ದರು. 2008ರಲ್ಲಿ ಇನ್ನೊಂದು ವಿವರಣೆ ಬಂತು. ಕೋಶ ಮಿಡಿದು ಸುಮ್ಮನಾದ ಮೇಲೂ ಅದು ಇನ್ನೊಂದನ್ನು ಸೇರುವ ಕಡೆ ಸ್ವಲ್ಪ ಹೊತ್ತು ಕ್ಯಾಲ್ಸಿಯಂ ಉಳಿದಿರುತ್ತದೆ, ಮುಂದಿನ ಮಿಡಿತ ಅಲ್ಲಿ ಸುಲಭವಾಗಿ ದಾಟುತ್ತದೆ. ಅಡಿಕೆ ತೋಟದ ಕಣಿಯಲ್ಲಿ ನೀರು ನಿಂತ ಮೇಲೂ ಮಣ್ಣು ಒದ್ದೆ ಇರುತ್ತದಲ್ವಾ, ಮತ್ತೆ ಬಿಟ್ಟ ನೀರು ಬೇಗ ಓಡುತ್ತದೆ, ಹಾಗೆ. ಯಾವುದು ಎಷ್ಟು ನಿಜ ಎಂಬ ವಾದ ಇನ್ನೂ ನಡೆಯುತ್ತಿದೆ.

ನಮ್ಮಲ್ಲಿ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬರುವುದು ಹಳೆಯ ನೋವು. ಭಾಷೆಯ ಹಕ್ಕಿನ ಮಾತು ಎಲ್ಲರೂ ಆಡುತ್ತಾರೆ, ಆಡಲೇಬೇಕು. ನಾನು ಆ ಬೆಂಚಿನ ಮೇಲಿನ ಮಗುವಿನ ತಲೆಯನ್ನೂ ನೋಡುತ್ತೇನೆ. ಅರ್ಧ ತಿಳಿದ ಭಾಷೆಯ ಮಾತನ್ನು ಹಿಡಿಯಬೇಕು, ಅರ್ಥ ಊಹಿಸಬೇಕು, ಪುಟ ತೆಗೆಯಬೇಕು, ಮೂರನೇ ಲೆಕ್ಕ ಬಿಟ್ಟು ನಾಲ್ಕನೆಯದನ್ನು ಮಾಡಬೇಕು. ನಾಲ್ಕು ಸೂಡಿ ಅಲ್ಲಿಗೇ ತುಂಬಿತು. ಲೆಕ್ಕ ಮಾಡಲು ಜಾಗ ಎಲ್ಲಿ? ನನ್ನ ಅಕ್ಕ ಟೀಚರು. ಅವಳು ಮಾಡಬೇಕಾದ್ದನ್ನೆಲ್ಲ ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತಾಳೆ, ಗಂಟೆ ಹೊಡೆಯುವವರೆಗೂ ಅಳಿಸುವುದಿಲ್ಲ. ಜಗಲಿಯ ಬದಿಗಿಟ್ಟ ಎರಡು ಕಾಯಿಯ ಹಾಗೆ ಅದು ಅಲ್ಲೇ ಇರುತ್ತದೆ. ಮಕ್ಕಳು ತಲೆ ಎತ್ತಿ ನೋಡುತ್ತಾರೆ, ಮತ್ತೆ ಬರೆಯುತ್ತಾರೆ.