ಆನ್‌ಲೈನ್ ಬಿ.ಕಾಂ. ಪದವಿ ನಡೆಯುತ್ತದೆಯೇ?

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿದ್ದೇನೆ. ಕೆಲಸ ಬಿಟ್ಟು ಕಾಲೇಜಿಗೆ ಹೋಗುವ ಸ್ಥಿತಿ ಇಲ್ಲ. ಆನ್‌ಲೈನ್ ಬಿ.ಕಾಂ. ಮಾಡಿದರೆ ಸರ್ಕಾರಿ ನೌಕರಿಗೆ ನಡೆಯುತ್ತದೆಯೇ? ನನ್ನಿಂದ ಓದಿ ಮುಗಿಸಲು ಆದೀತೇ?

ಉತ್ತರ: ಮೊದಲ ಪ್ರಶ್ನೆ ಸುಲಭದ್ದು. ನಡೆಯುತ್ತದೆ. ಮಾನ್ಯತೆ ಪಡೆದ ಸಂಸ್ಥೆಯ ಆನ್‌ಲೈನ್ ಅಥವಾ ದೂರಶಿಕ್ಷಣ ಪದವಿ, ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮಾನ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಾವಳಿ ಹೇಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಯುಜಿಸಿ ಅದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು.

ಜನ ಎಡವುವುದು ‘ಮಾನ್ಯತೆ’ಯಲ್ಲಿ. ವಿಶ್ವವಿದ್ಯಾಲಯ ದೊಡ್ಡದು, ಹಳೆಯದು ಎಂದರೆ ಸಾಲದು. ನೀವು ಸೇರುವ ಕೋರ್ಸಿಗೆ, ಅದನ್ನು ಕಲಿಸುವ ವಿಧಾನಕ್ಕೆ, ನೀವು ಸೇರುವ ವರ್ಷಕ್ಕೆ ಅನುಮತಿ ಇರಬೇಕು. ನಮ್ಮದೇ ರಾಜ್ಯದ ಉದಾಹರಣೆ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಮರಳಿ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ಸಣ್ಣದಲ್ಲ. ಆದ್ದರಿಂದ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಈ ವರ್ಷದ ಪಟ್ಟಿಯನ್ನು ನೀವೇ ತೆರೆದು ನೋಡಿ, ಏಜೆಂಟರು ಕಳಿಸಿದ ವಾಟ್ಸ್‌ಆ್ಯಪ್ ಚಿತ್ರವನ್ನಲ್ಲ. 2024ರಿಂದ ಪ್ರವೇಶಕ್ಕೆ ಮುಂಚೆ ಅದೇ ಜಾಲತಾಣದಲ್ಲಿ ಡಿಇಬಿ ಐಡಿ, ಅಂದರೆ ಆ ಬ್ಯೂರೋದ ವಿದ್ಯಾರ್ಥಿ ಗುರುತಿನ ಸಂಖ್ಯೆ, ಮಾಡಿಸಿಕೊಳ್ಳುವುದು ಕಡ್ಡಾಯ. ‘ಅದೆಲ್ಲ ಬೇಡ, ದುಡ್ಡು ಕಟ್ಟಿ ಸಾಕು’ ಎಂದವರ ಅಂಗಡಿಯಿಂದ ಎದ್ದು ಬನ್ನಿ.

ಎಲ್ಲ ಪದವಿಯೂ ಮೊಬೈಲಿನಲ್ಲಿ ಸಿಗುವುದಿಲ್ಲ ಎಂಬುದೂ ಗೊತ್ತಿರಲಿ. ಕಾನೂನು, ಕೃಷಿ, ಎಂಜಿನಿಯರಿಂಗ್, ನರ್ಸಿಂಗ್ ಪದವಿಗಳಿಗೆ ಆನ್‌ಲೈನ್ ಅನುಮತಿಯೇ ಇಲ್ಲ. ವಕೀಲರಾಗಬೇಕೆಂದರೆ ಕಾನೂನು ಕಾಲೇಜಿನ ತರಗತಿಗೆ ಹೋಗಲೇಬೇಕು, ಕೃಷಿ ಪದವಿ ಬೇಕೆಂದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಹೊಲಕ್ಕೆ ಇಳಿಯಲೇಬೇಕು. ಬಿ.ಕಾಂ.ಗೆ ಈ ತೊಡಕಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಎಲ್ಲರೂ ನೆಟ್‌ವರ್ಕಿನ ಬಗ್ಗೆ ದೂರುತ್ತಾರೆ. ಅದು ಅಷ್ಟು ದೊಡ್ಡ ಮಾತಲ್ಲ, ಪಾಠ ಇಳಿಸಿಕೊಂಡು ರಾತ್ರಿ ನೋಡಬಹುದು. ದೊಡ್ಡ ತೊಂದರೆ ಎಂದರೆ, ನೀವು ಓದದಿದ್ದರೆ ಕೇಳುವವರು ಯಾರೂ ಇಲ್ಲ. ಕಾಲೇಜಿನಲ್ಲಿ ಹಾಜರಿ ಕೂಗುತ್ತಾರೆ, ಬೆಂಚಿನ ಗೆಳೆಯ ‘ನಿನ್ನೆ ಯಾಕೆ ಬರಲಿಲ್ಲ’ ಎನ್ನುತ್ತಾನೆ. ಇಲ್ಲಿ ಮೂರು ವಾರ ಪುಸ್ತಕ ಮುಟ್ಟದಿದ್ದರೂ ಒಂದು ಇಮೇಲ್ ಬಂದೀತು, ಅಷ್ಟೇ. ಹಾಗಾಗಿ ಊರಿನಲ್ಲೋ ಪಕ್ಕದ ಹಾವೇರಿಯಲ್ಲೋ ಅದೇ ಕೋರ್ಸು ಓದುವ ಒಬ್ಬರನ್ನಾದರೂ ಹುಡುಕಿಕೊಳ್ಳಿ, ವಾರಕ್ಕೊಮ್ಮೆ ಗ್ರಂಥಾಲಯದಲ್ಲಿ ಎದುರುಬದುರು ಕುಳಿತುಕೊಳ್ಳಿ. ನಾನು ಕಂಡಂತೆ ಇದರಷ್ಟು ಕೆಲಸಕ್ಕೆ ಬರುವ ಆ್ಯಪ್ ಇನ್ನೊಂದಿಲ್ಲ.

ನಿಮ್ಮ ಸಂಗತಿಯಲ್ಲಿ ಇನ್ನೊಂದು ವಿಶೇಷವಿದೆ: ಮೆಣಸಿನಕಾಯಿ ಹಂಗಾಮು. ಜುಲೈನಲ್ಲಿ ಸೇರಿದರೆ ಎರಡನೆಯ ಸೆಮಿಸ್ಟರ್ ಜನವರಿಯಿಂದ ಶುರುವಾಗುತ್ತದೆ, ಅಂದರೆ ಆವಕ ಏರಿ ನಿಮಗೆ ಉಸಿರಾಡಲು ಪುರುಸೊತ್ತಿಲ್ಲದ ಹೊತ್ತಿಗೆ. ಜನವರಿಯಲ್ಲಿ ಸೇರಿದರೂ ಪ್ರತಿ ವರ್ಷ ಒಂದು ಸೆಮಿಸ್ಟರ್ ಹಂಗಾಮಿಗೆ ಸಿಕ್ಕಿಯೇ ಸಿಗುತ್ತದೆ. ಆ ಸೆಮಿಸ್ಟರಿನ ಪಠ್ಯವನ್ನು ದೀಪಾವಳಿಯ ಆಸುಪಾಸಿನಲ್ಲೇ ತರಿಸಿ ಓದಲು ತೊಡಗಿ, ಅಸೈನ್‌ಮೆಂಟುಗಳನ್ನು ಕೊನೆಯ ದಿನಕ್ಕೆ ಬಿಡಬೇಡಿ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವ ದಿನಗಳಲ್ಲಿ ಓದುವ ಸಂಕಲ್ಪವನ್ನೇ ಮಾಡಬೇಡಿ, ಅದು ಮುರಿಯುತ್ತದೆ. ಲೆಕ್ಕಶಾಸ್ತ್ರದ ಬಗ್ಗೆ ಮಾತ್ರ ನಿಮಗೆ ಹೆದರಿಕೆ ಬೇಡ. ಕಿರ್ದಿ, ಖತಾವಣಿ ದಿನವೂ ಬರೆಯುವವರಿಗೆ ಅರ್ಧ ವಿಷಯ ಕೈಯಲ್ಲೇ ಇದೆ. ಆದರೆ ವಿಡಿಯೋ ನೋಡಿ ಬಂತು ಎಂದುಕೊಳ್ಳಬೇಡಿ, ಲೆಕ್ಕವನ್ನು ಹಾಳೆಯ ಮೇಲೆ ಮಾಡಿಯೇ ತೀರಿ.

ಭಾಷೆಯದು ನಿಜವಾದ ಗೋಡೆ. ಆನ್‌ಲೈನ್ ಬಿ.ಕಾಂ. ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ನನ್ನನ್ನು ಕೇಳಿದರೆ, ನೀವು ಆನ್‌ಲೈನ್ ಎಂಬ ಪದಕ್ಕೆ ಅಂಟಿಕೊಳ್ಳದೆ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣವನ್ನು ಮೊದಲು ವಿಚಾರಿಸಿ. ಅಲ್ಲಿ ಕನ್ನಡದ ಮುದ್ರಿತ ಪಠ್ಯ ಸಿಗುತ್ತದೆ, ಧಾರವಾಡದಲ್ಲಿ ಅದರ ಪ್ರಾದೇಶಿಕ ಕೇಂದ್ರವೂ ಇದೆ. ಪದವಿಯ ಬೆಲೆ ಎರಡರಲ್ಲೂ ಒಂದೇ.

ಆನ್‌ಲೈನೇ ಬೇಕೆಂದಾದರೆ, ಶುಲ್ಕ ಕಟ್ಟುವ ಮುನ್ನ ಪರೀಕ್ಷೆ ಎಲ್ಲಿ, ಹೇಗೆ ಎಂದು ಕೇಳಿಕೊಳ್ಳಿ. ಮನೆಯಿಂದ ಬರೆಯುವುದಾದರೆ ಕ್ಯಾಮೆರಾ ಇರುವ ಕಂಪ್ಯೂಟರ್ ಬೇಕಾಗಬಹುದು, ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕು, ಕರೆಂಟು ಹೋದರೆ ಮುಂದೇನು ಎಂಬುದಕ್ಕೆ ಲಿಖಿತ ಉತ್ತರ ಬೇಕು. ಕೂಡುಕುಟುಂಬದ ಮನೆಯಲ್ಲಿ ಇವು ಹೊಂದುವುದಿಲ್ಲ ಎನಿಸಿದರೆ, ಹುಬ್ಬಳ್ಳಿಯಲ್ಲೋ ಹತ್ತಿರದ ಇನ್ನೊಂದು ಊರಲ್ಲೋ ಪರೀಕ್ಷಾ ಕೇಂದ್ರ ಕೊಡುವ ಸಂಸ್ಥೆಯನ್ನೇ ಆರಿಸಿಕೊಳ್ಳಿ.